ಹನ್ನೊಂದು ಜನಕ್ಕೆ ಒಂದೇ ಗ್ಲೌಸು

ಹಿರಿಯರ ಆರೈಕೆ ಮನೆ, ಎರಡನೇ ಮಹಡಿ
14ನೇ ತಾರೀಖು, ಮಂಗಳವಾರ

ಪ್ರೀತಿಯ ದೊರೆಸಾನಿಗೆ,

ಸೊಂಟದ ಹೊಲಿಗೆ ಒಣಗಿತೇ? ಇನ್ನೂ ಕೀವು ಜಿನುಗುತ್ತಿದೆ ಎಂದು ಮಗಳು ಬರೆದಿದ್ದಳು. ಕೋಲು ಹಿಡಿದೇ ನಡೆ, ಬಿಂಕ ಬೇಡ. ಶುಕ್ರವಾರ ನಿನ್ನನ್ನು ಇಲ್ಲಿಗೆ ಕರೆತರುವುದಾಗಿ ಅಳಿಯಂದಿರು ಕಚೇರಿಗೆ ಫೋನ್ ಮಾಡಿದರಂತೆ. ನನ್ನ ಕೋಣೆಯ ಎದುರು, ಹೆಂಗಸರ ಕಡೆ, ಕಿಟಕಿ ಪಕ್ಕದ ಮಂಚ ನಿನಗೆ. ಹೋದ ತಿಂಗಳು 'ಬೇಗ ಬಾ, ಹೊತ್ತು ಹೋಗುತ್ತಿಲ್ಲ' ಎಂದು ಬರೆದವನು ನಾನೇ. ಆಗ ಬಂದು ಎಂಟೇ ದಿನವಾಗಿತ್ತು, ನೆಲದ ಹೊಳಪಿಗೆ ಮರುಳಾಗಿದ್ದೆ.

ಈಗ ಕಣ್ಣಾರೆ ಕಂಡದ್ದನ್ನು ಬರೆಯುತ್ತೇನೆ, ಊಟಕ್ಕೆ ಮೊದಲು ಓದಬೇಡ. ನಮ್ಮನ್ನು ನೋಡಿಕೊಳ್ಳುವ ಸಿಸ್ಟರ್ ಬೆಳಿಗ್ಗೆ ಆರಕ್ಕೆ ನೀಲಿ ಗ್ಲೌಸು ಹಾಕಿದರೆ ಬಿಚ್ಚುವುದು ಮಧ್ಯಾಹ್ನವೇ. ಮೊದಲ ಮಂಚದ ಡ್ರೈವರಣ್ಣನ ಹೊಲಸು ಬಳಿದ ಕೈಯಲ್ಲೇ ಪಕ್ಕದ ಪೋಸ್ಟ್‌ಮ್ಯಾನ್‌ನ ನಾಲಿಗೆ ಮೇಲೆ ಮಾತ್ರೆ ಇಡುತ್ತಾಳೆ, ಅದೇ ಕೈಯಲ್ಲಿ ನನ್ನ ಹಲ್ಲಿನ ಸೆಟ್ಟು ಎತ್ತಿಕೊಡುತ್ತಾಳೆ. ಭಾನುವಾರ ಎಣಿಸಿದೆ. ಹನ್ನೊಂದು ಜನ, ನಲ್ಲಿ ತಿರುಗಿಸಿದ್ದು ಒಂದು ಸಲವೂ ಇಲ್ಲ. 'ಕೈ ತೊಳಿಯಮ್ಮಾ' ಎಂದೆ. 'ಗ್ಲೌಸ್ ಹಾಕಿದೀನಲ್ಲ ತಾತ, ನನ್ನ ಕೈ ಕ್ಲೀನಾಗೇ ಇದೆ!' ಎಂದಳು. ನಿಜ, ಅವಳ ಕೈ ಕ್ಲೀನಾಗಿದೆ. ನಮ್ಮ ಬಾಯಿ? ಎರಡು ಕೋಣೆಗೂ ಅವಳೊಬ್ಬಳೇ, ಪಾಪ, ಕುಳಿತದ್ದನ್ನು ನಾನು ಕಂಡಿಲ್ಲ. ಆದರೆ ಪಾಪ ಎಂದ ಮಾತ್ರಕ್ಕೆ ವಾಕರಿಕೆ ನಿಲ್ಲುವುದಿಲ್ಲ.

ಮೇಲ್ವಿಚಾರಕಿಗೆ ಹೇಳಿದೆ. 'ನೀವೇನು ಡಾಕ್ಟರಾ?' ಎಂದಳು. 'ಅಲ್ಲಮ್ಮಾ, ಕ್ಷೌರಿಕ. ನಲವತ್ತೊಂದು ವರ್ಷದಲ್ಲಿ ಒಬ್ಬರ ಕೆನ್ನೆಗೆ ಹಾಕಿದ ಬ್ಲೇಡನ್ನು ಇನ್ನೊಬ್ಬರಿಗೆ ಹಾಕಿದವನಲ್ಲ' ಎಂದೆ. ಕಿಸಕ್ಕನೆ ನಕ್ಕಳು. ಹೋದ ಗುರುವಾರ ತಪಾಸಣೆಯವರು ಬರುವ ಮುಂಚೆ ಬೇಸಿನ್ನಿಗೆ ಹೊಸ ಸೋಪು ಬಂದಿತ್ತು. ಅವರ ಕಾರು ಗೇಟು ದಾಟುವಷ್ಟರಲ್ಲಿ ಬೀರುವಿಗೆ ವಾಪಸ್ಸಾಯಿತು.

ಎಂಟು ಜನಕ್ಕೆ ಭೇದಿ ಹಿಡಿದಿದೆ. ನಿನಗೆ ಕೊಡುವ ಮಂಚದ ಟೀಚರಮ್ಮನನ್ನು ಶನಿವಾರ ಆಂಬುಲೆನ್ಸಿನಲ್ಲಿ ಸಾಗಿಸಿದರು. ಅವರ ಹಾಸಿಗೆಯನ್ನು ತೊಳೆಯಲಿಲ್ಲ, ಬಿಸಿಲಿಗೂ ಹಾಕಲಿಲ್ಲ. ಮಗುಚಿ ಹಾಕಿ, ಮೇಲೆ ಹೂವಿನ ಚಾದರ ಹೊದಿಸಿದರು. ಛೀ!

ಅಳಿಯಂದಿರಿಗೆ ನಮಸ್ಕಾರ ಹೇಳು. ಮೊಮ್ಮಗಳಿಗೆ ನನ್ನ ಆಶೀರ್ವಾದ, ತಲೆ ಬಾಚಿಸಿಕೊಳ್ಳಲು ಅಳಬಾರದೆಂದೂ ಹೇಳು.

ಇಂತಿ,
ನಿನ್ನ ಯಜಮಾನ

ಕವರು ಅಂಟಿಸುವ ಮುಂಚೆ ಇಷ್ಟು: ಬರಬೇಡ. ಹಸಿ ಗಾಯ ಇಟ್ಟುಕೊಂಡು ಆ ಹಾಸಿಗೆ ಮೇಲೆ ಮಲಗಬೇಡ. ಮಗಳು ಬೈದರೆ ಅಪ್ಪನಿಗೆ ಅರಳುಮರುಳು ಎಂದುಬಿಡು. ನನ್ನನ್ನೇ ಕರೆಸಿಕೋ ಎಂದು ಬರೆಯಬೇಕೆಂದಿದ್ದೆ. ಇವತ್ತು ಬೆಳಗಿನಿಂದ ನನಗೂ ಶುರುವಾಗಿದೆ, ಆಗಲೇ ನಾಲ್ಕು ಸಲ. ಇದು ಪೂರ್ತಿ ನಿಲ್ಲುವ ತನಕ ನಿನ್ನ ಹತ್ತಿರ ಸುಳಿಯುವುದಿಲ್ಲ. ಕವರಿಗೆ ಎಂಜಲು ಹಚ್ಚಿಲ್ಲ, ನೀರು ಸವರಿದ್ದೇನೆ. ಆದರೂ ಓದಿದ ಮೇಲೆ ಕಾಗದವನ್ನು ದಿಂಬಿನ ಕೆಳಗೆ ಇಟ್ಟುಕೊಳ್ಳಬೇಡ, ಸುಟ್ಟುಬಿಡು. ಆಮೇಲೆ ಸೋಪು ಹಚ್ಚಿ ಕೈ ತೊಳೆದುಕೋ.