ಕೋಸಿನ ಪೀಪಾಯಿಯ ಮೇಲಿನ ಸಿಂಹ

ಲಿಪ್ಟೋವ್, ಆಗಸ್ಟ್

ತಂಗಿ ಹೆರ್ಮಿನಾ,

ಈಸ್ಟರ್ ಹಬ್ಬಕ್ಕೆ ಬರೆದ ಕಾಗದಕ್ಕೇ ಇನ್ನೂ ಉತ್ತರವಿಲ್ಲ. ಕೈಗೇನು ಲಕ್ವ ಹೊಡೆದಿದೆಯೇ? ಮಗ, ಸೊಸೆ, ಮೊಮ್ಮಗಳು ಜ್ಲಾಟ್ಕಾ ಜೊತೆ ಕೋಟೆ ನೋಡಲು ಬಂದಿದ್ದೇನೆ. ಅಪ್ಪ ದಿಮ್ಮಿಯ ಗಾಡಿ ಹೊಡೆದು ಬರುವಾಗೆಲ್ಲ ಎಲ್ಲಿಂದ ಕಲ್ಲು ಹೇರಿಕೊಂಡು ಬರುತ್ತಿದ್ದನೋ, ಅದೇ ಹಾಳು ಕೋಟೆ. ಈಗ ಗೋಡೆ ಎಬ್ಬಿಸಿ, ಚಾವಣಿ ಹೊದಿಸಿ ಮದುವಣಗಿತ್ತಿಯ ಹಾಗೆ ಮಾಡಿಟ್ಟಿದ್ದಾರೆ.

ಹಜಾರದಲ್ಲಿ ಬೆಂಕಿಗೂಡಿನ ಎರಡು ಬದಿಗೂ ಕಲ್ಲಿನ ಸಿಂಹ. ಒಂದಕ್ಕೆ ತಲೆಯೇ ಇಲ್ಲ. ಜ್ಲಾಟ್ಕಾ ಎಲ್ಲರ ಮುಂದೆ, "ಅಜ್ಜಿ, ಇದ್ರ ತಲೆ ಹೆರ್ಮಿನಾ ಅಜ್ಜಿ ನೆಲಮಾಳಿಗೇಲಿದೆ, ಹುಳಿಕೋಸು ಅದುಮೋಕೆ ಪೀಪಾಯಿ ಮೇಲೆ ಇಟ್ಟಿದ್ದಾರೆ. ಹೋದ್ವರ್ಷ ನಾನೇ ತೊಳ್ದಿದ್ದೆ" ಅಂದಳು. ಕೋಟೆ ತೋರಿಸುವವನು ನನ್ನ ಕೈ ಹಿಡಿದುಕೊಂಡ. "ಅಮ್ಮಾ, ಹತ್ತು ವರ್ಷದಿಂದ ಹುಡುಕ್ತಿದ್ದೀವಿ. ಕೊಡಿಸ್ತೀರಾ?"

"ಅರವತ್ತು ವರ್ಷದಿಂದ ಅದು ನಮ್ಮ ಕೋಸು ಕಾಯ್ತಿದೆ ಕಣಪ್ಪಾ. ಇಲ್ಲಿಗೆ ಬಂದು ಏನು ಕಾಯುತ್ತೆ, ನಿನ್ನ ಟೋಪೀನಾ?" ಅಂದೆ. ಸೊಸೆ ನಾಚಿ ಆ ಕಡೆ ತಿರುಗಿದಳು.

ಮೆಟ್ಟಿಲು ಹತ್ತಿ ಮೊಣಕಾಲು ಊದಿದೆ. ಬಾತುಕೋಳಿಯ ಕೊಬ್ಬು ತಿಕ್ಕಿದ್ದೇನೆ, ಗಾಬರಿ ಬೇಡ.

ಅಪ್ಪನ ಗುರುತು ಅಂತ ನಿನ್ನ ಹತ್ತಿರ ಉಳಿದಿರುವುದು ಆ ಸಿಂಹದ ತಲೆಯೊಂದೇ ಎಂದು ಗೊತ್ತು ಕಣೆ. ಅದಕ್ಕೇ ನಿನ್ನ ಊರಿನ ಹೆಸರು ಬಾಯಿಬಿಟ್ಟಿಲ್ಲ. ಬೇಡವಾದರೆ ಬೇಡ ಎಂದೇ ಬರೆ. ಮಗು ಏನೋ ಬಡಬಡಿಸಿತು, ನಾನೂ ತಮಾಷೆಗೆ ಅಂದೆ ಎಂದು ಅವನಿಗೆ ಹೇಳಿಕೊಳ್ಳುತ್ತೇನೆ. ಹಳೆಯ ತಲೆ ಸಿಗದಿದ್ದರೆ ಮುಂದಿನ ತಿಂಗಳು ಕಲ್ಲುಕುಟಿಗ ಬಂದು ಹೊಸ ತಲೆ ಕೆತ್ತಿ ಕೂರಿಸುತ್ತಾನಂತೆ. ಅಷ್ಟರೊಳಗೆ ನಿನ್ನ ಉತ್ತರ ನನ್ನ ಕೈಯಲ್ಲಿರಬೇಕು.

ನಿನ್ನ ಅಕ್ಕ
ಅಪೊಲೇನಾ