ಗಿಡ್ಡಿ ಇಳಿಯುವಾಗ ಏನು ಮಾಡುತ್ತದೆ?

ಹಗರಿ ವಿಮಾನದಿಬ್ಬ,
ಫೆಬ್ರವರಿ ಮೂವತ್ತು, ಎರಡು ಸಾವಿರದ ನೂರಾ ತೊಂಬತ್ತೊಂದು

ಕ್ಯಾಪ್ಟನ್ ಪಂಪಾಪತಿ ಸಾರ್ ಮತ್ತು ಕ್ಯಾಪ್ಟನ್ ಶಾಹಿನ್ ಮೇಡಂ ಅವರಿಗೆ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ನ್ಯಾಯ ಸಿಕ್ಕಿದೆ. ನನ್ನ ಕೆಲವು ಪದಗಳು ವಿಚಿತ್ರ ಅನಿಸಿದರೆ ಕ್ಷಮಿಸಿ. ನಿಮ್ಮ ಮಾತೂ ನಮಗೆ ಅಷ್ಟೇ ವಿಚಿತ್ರ, ಆ ದೂರು ಹೇಳಲಿಕ್ಕೇ ಈ ಪತ್ರ. ಇದನ್ನು ತರುವುದು ‘ಹಿಂಟಪಾಲು’, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆ. ಒಂದು ಹಾಳೆಗಿಂತ ಹೆಚ್ಚು ಹೊರುವುದಿಲ್ಲ, ಮುಟ್ಟಿತೋ ಇಲ್ಲವೋ ಹೇಳುವುದಿಲ್ಲ.

ನಮ್ಮಲ್ಲಿ ಮನುಷ್ಯರು ವಿಮಾನ ನಡೆಸುವುದು ನಿಂತು ತೊಂಬತ್ತು ವರ್ಷವಾಯಿತು. ‘ತಾನೋಟ’ ಎಂಬ ಯಂತ್ರಬುದ್ಧಿ ಎಲ್ಲವನ್ನೂ ನಡೆಸುತ್ತದೆ; ನಾವು ಹತ್ತುತ್ತೇವೆ, ಒಗ್ಗರಣೆ-ಮಿರ್ಚಿ ತಿನ್ನುತ್ತೇವೆ, ಇಳಿಯುತ್ತೇವೆ. ಹೋದ ವರ್ಷ ಸೂರ್ಯನ ಮೇಲೆ ಬಿರುಗಾಳಿ ಎದ್ದಾಗಿನಿಂದ ಅದಕ್ಕೆ ದಿಕ್ಕು ತಪ್ಪಿದೆ. ಬಳ್ಳಾರಿಗೆ ಹೊರಟವರನ್ನು ಬೀದರಿನಲ್ಲಿ ಇಳಿಸಿ, ‘ತಲುಪಿದ್ದೀರಿ, ಶುಭವಾಗಲಿ’ ಅನ್ನುತ್ತದೆ. ಮದುವೆಗೆ ಹೊರಟವರು ಅಲ್ಲೇ ಯಾವುದೋ ಮದುವೆಯಲ್ಲಿ ಉಂಡು ಬಂದಾರು. ಉಸಿರು ಕಟ್ಟಿದ ರೋಗಿ ಹಾಗೆ ಹೊಂದಿಕೊಳ್ಳಲಾರ. ಈ ಚಳಿಗಾಲದಲ್ಲಿ ಮೂವರು ದಾರಿಯಲ್ಲೇ ಹೋದರು.

ಹಾಗಾಗಿ ರೋಗಿಗಳನ್ನು ಒಯ್ಯಲೆಂದು ಸಂಗ್ರಹಾಲಯದಿಂದ ನೀವು ಹಾರಿಸುತ್ತಿದ್ದ ಎರಡು ಪುಟ್ಟ ಜೆಟ್‌ಗಳನ್ನು ಹೊರಗೆಳೆದಿದ್ದೇವೆ. ‘ವ್ಯಾಪಾರಸ್ಥರು ಸಭೆಗೆ ಹೋಗಿ ಊಟದ ಹೊತ್ತಿಗೆ ಮನೆಗೆ ಮರಳಲು ಬಳಸುತ್ತಿದ್ದ ವಾಹನ’ ಎಂದು ಫಲಕ ಹೇಳುತ್ತದೆ. ಒಂದನ್ನು ನೀವು ಉದ್ದಮೂಗಿ ಅನ್ನುತ್ತಿದ್ದಿರಿ, ಇನ್ನೊಂದನ್ನು ಗಿಡ್ಡಿ. ನಮ್ಮ ಓಡುದಾರಿಯ ತುದಿಯನ್ನು ಹಗರಿ ಹೊಳೆ ಕೊರೆದು ತಿಂದಿರುವುದರಿಂದ ಉದ್ದಮೂಗಿಗೆ ನೆಲ ಸಾಲದು. ಉಳಿದದ್ದು ಗಿಡ್ಡಿ. ಬರುವ ಶುಕ್ರವಾರ ಅದನ್ನು ಹಾರಿಸುವವಳು ನನ್ನ ತಂಗಿ ಹೊನ್ನೂರಮ್ಮ.

ಆರು ತಿಂಗಳಿಂದ ಅವಳು ‘ಬೊಂಬೆಕೋಣೆ’ಯಲ್ಲಿ, ಅಂದರೆ ನೆಲದ ಮೇಲೆ ನಿಂತೇ ಹಾರಿದಂತೆ ನಟಿಸುವ ಪೆಟ್ಟಿಗೆಯಲ್ಲಿ, ಅಭ್ಯಾಸ ಮಾಡಿದ್ದಾಳೆ. ಆ ಪೆಟ್ಟಿಗೆಯನ್ನು ಕಟ್ಟಿದ್ದು ಗಿಡ್ಡಿಯ ಕೈಪಿಡಿ ನೋಡಿ. ವೇಗ, ತೂಕ, ಎತ್ತರ ಎಲ್ಲ ಪುಸ್ತಕದಲ್ಲಿದೆ. ಪುಸ್ತಕದಲ್ಲಿ ಇಲ್ಲದ್ದು ಪೆಟ್ಟಿಗೆಗೂ ಗೊತ್ತಿಲ್ಲ. ಪುಸ್ತಕದಲ್ಲಿ ಇಲ್ಲದ್ದು ನಿಮ್ಮ ಬಾಯಲ್ಲಿತ್ತು. ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ ನೀವಿಬ್ಬರೂ ಎರಡು ಜೆಟ್‌ಗಳನ್ನು ಹೋಲಿಸಿದ ಇಪ್ಪತ್ತೆರಡು ನಿಮಿಷದ ಧ್ವನಿಮುದ್ರಿಕೆ ಉಳಿದಿದೆ. ಕನ್ನಡ ಮಾಧ್ಯಮದಲ್ಲಿ ಪದವಿ ಮುಗಿಸಿದವನು ಈ ದಿಬ್ಬದಲ್ಲಿ ನಾನೊಬ್ಬನೇ ಆದ್ದರಿಂದ ಅದನ್ನು ಬರೆದಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಹೀಗಿದೆ:

“ಉದ್ದಮೂಗಿ ಅಂದ್ರ ಗಬ್ಬದ ಎಮ್ಮಿ ನೋಡವ್ವಾ ಶಾಹಿನ್. ತಿರುಗು ಅಂದ್ರ ವಿಚಾರ ಮಾಡಿ ತಿರುಗ್ತೈತಿ.”

“ಗಾಳ್ಯಾಗ ಎಮ್ಮಿನೇ ಚಲೋ ಸಾರ್. ನಿಮ್ಮ ಗಿಡ್ಡಿ ಗಾಳಿಪಟ ಆಗ್ತೈತಲ್ಲ!”

“ಏ, ಗಿಡ್ಡಿ ಬೆಣ್ಣಿ! ಎರಡು ಬೆರಳು ಸಾಕು. ಇಳಿಸೋ ಮುಂದ ಅದರದೊಂದು ಚಾಳಿ ಐತಿ ಖರೆ, ನಿನಗ ಗೊತ್ತೇ ಐತಲ್ಲ.”

“ಗೊತ್ತಿಲ್ದೆ ಏನ್ರಿ? ಮೊದಲ್ನೇ ದಿನ ಜೀವಾನೇ ಬಾಯಿಗೆ ಬಂದಿತ್ತು.”

ಆಮೇಲೆ ಇಬ್ಬರೂ ನಕ್ಕಿದ್ದೀರಿ. ಆಮೇಲೆ ಚಹಾ ಹೀರಿದ ಸದ್ದು. ಆಮೇಲೆ ಮಿರ್ಚಿ ಎಣ್ಣೆ ಕುಡಿದಿದೆ ಎಂದು ನಾಲ್ಕು ನಿಮಿಷ ಚರ್ಚೆ.

ಮೂವತ್ತೇಳು ಸಲ ಕೇಳಿದ್ದೇನೆ ಸಾರ್. ಯಾವ ಚಾಳಿ? ಚಹಾ ಉಂಟು, ಚೇಷ್ಟೆ ಉಂಟು, ಚಾಳಿಯ ವಿವರವೊಂದೇ ನಾಪತ್ತೆ. ಬೆಣ್ಣೆ ಅಂದರೆ ಎಷ್ಟು ಹಗುರ, ಎಮ್ಮೆ ಅಂದರೆ ಎಷ್ಟು ತಡ, ಅದನ್ನಾದರೂ ಲೆಕ್ಕ ಹಾಕಿಕೊಂಡೆವು. ‘ಗೊತ್ತೇ ಐತಲ್ಲ’ ಎಂಬುದಕ್ಕೆ ಯಾವ ಅಳತೆಗೋಲು ಹಿಡಿಯುವುದು? ನಮ್ಮ ಸಮಿತಿಯಲ್ಲಿ ಮೂವರು ತಜ್ಞರಿದ್ದಾರೆ. ಎಡಕ್ಕೆ ಎಳೆಯುತ್ತದೆ ಅನ್ನುವವರು ಒಬ್ಬರು, ನೆಲ ಕಂಡರೂ ಕೂರದೆ ತೇಲುತ್ತದೆ ಅನ್ನುವವರು ಇನ್ನೊಬ್ಬರು, ಮೂಗು ಕುಕ್ಕುತ್ತದೆ ಅನ್ನುವವರು ಮತ್ತೊಬ್ಬರು. ತೇಲುವುದಕ್ಕೆ ಮಾಡುವ ಮದ್ದು ಕುಕ್ಕುವುದಕ್ಕೆ ವಿಷ. ಯೋಚಿಸಲು ಅವಳಿಗೆ ಸಿಗುವುದು ಎರಡು ಸೆಕೆಂಡು, ಆಚೆ ಹೊಳೆ.

ಬಲ್ಲವರು ಬಲ್ಲವರ ಜೊತೆಗೇ ಮಾತಾಡಿದರೆ ಹೀಗೇ ಆಗುತ್ತದೆ. ಏರಿದವರೆಲ್ಲ ಹಾರಿದವರೇ, ಇಳಿದವರಷ್ಟೇ ಹೇಳುವವರು ಎಂದು ನಾನು ನಂಬಿದ್ದೆ. ನೀವು ಸಾವಿರ ಸಲ ಇಳಿದಿರಿ, ಒಂದು ಸಲವೂ ಹೇಳಲಿಲ್ಲ. ಸಿಟ್ಟು ಬರುತ್ತದೆ. ಆದರೆ ಹೊನ್ನೂರಮ್ಮನಿಗೆ ಬರುವುದಿಲ್ಲ. ನಿನ್ನೆ ಅವಳು ಅಂದದ್ದು ಇಷ್ಟು: “ಇರ್ಲಿ ಬಿಡಣ್ಣಾ. ಜೀವ ಬಾಯಿಗೆ ಬಂದಿತ್ತು ಅಂದಾರ, ಹೋತು ಅಂದಿಲ್ಲಲ್ಲ.”

ಈ ಪತ್ರ ಆ ಚಹಾಕ್ಕಿಂತ ಮೊದಲೇ ನಿಮ್ಮ ಕೈ ಸೇರುವಂತೆ ಹಿಂಟಪಾಲಿಗೆ ತಾರೀಖು ಕೊಟ್ಟಿದ್ದೇನೆ. ಶಾಹಿನ್ ಮೇಡಂ, ಪಂಪಾಪತಿ ಸಾರ್ ‘ಗೊತ್ತೇ ಐತಲ್ಲ’ ಅಂದ ಕೂಡಲೇ ದಯವಿಟ್ಟು ‘ಗೊತ್ತಿಲ್ಲ ಸಾರ್, ಬಿಡಿಸಿ ಹೇಳ್ರಿ’ ಅನ್ನಿ. ಸುಳ್ಳಾಗುತ್ತದೆ, ಸಣ್ಣತನವೂ ಅನಿಸೀತು. ನಮಗಾಗಿ ಅಷ್ಟು ಸಣ್ಣವರಾಗಿ. ಸಾರ್, ಎಮ್ಮೆ-ಬೆಣ್ಣೆ ಬಿಟ್ಟು, ಕೈ ಯಾವ ಕಡೆ, ಎಷ್ಟು, ಯಾವಾಗ ಎಂದು ಹೇಳಿ.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಆ ಧ್ವನಿಯನ್ನು ಮತ್ತೊಮ್ಮೆ ಕೇಳುತ್ತೇನೆ; ಪತ್ರ ಮುಟ್ಟಿದ್ದರೆ ಅದರಲ್ಲಿ ನಿಮ್ಮ ಮಾತು ಬದಲಾಗಿರುತ್ತದೆ, ಬರೆದುಕೊಳ್ಳುತ್ತೇನೆ. ಹತ್ತಕ್ಕೆ ಅವಳ ಪಕ್ಕದ ಸೀಟಿನಲ್ಲಿ ಕೂರುತ್ತೇನೆ. ನನಗೆ ಹಾರಿಸಲು ಬರುವುದಿಲ್ಲ. ನೆಲ ಹತ್ತಿರ ಬಂದಾಗ ನಿಮ್ಮ ಮಾತನ್ನು ಗಟ್ಟಿಯಾಗಿ ಓದುವುದಷ್ಟೇ ನನ್ನ ಕೆಲಸ. ಸದ್ಯಕ್ಕೆ ನನ್ನ ಕೈಯಲ್ಲಿರುವುದು ಖಾಲಿ ಹಾಳೆ.

ಎರ್ರಿಸ್ವಾಮಿ