ಹತ್ತು ವ್ಯಾಟ್, ಮೂವತ್ತು ವ್ಯಾಟ್

೭ ಅಕ್ಟೋಬರ್ ೧೯೫೬, ಭಾನುವಾರ

ಬೆಳಿಗ್ಗೆ ಎಂದಿನಂತೆ ಉಪ್ಪುನೀರಿನಲ್ಲಿ ಗಂಟಲು ಮುಕ್ಕಳಿಸಿ, ಹಿತ್ತಲಲ್ಲಿ ನಿಂತು ಹತ್ತು ನಿಮಿಷ ಕಂಠಸಾಧನೆ. ಪಕ್ಕದ ಮನೆಯ ಮಗು ಎದ್ದು ಅತ್ತಿತು. ಅಳಲಿ. ನಾಟಕ ಕಂಪನಿ ಬಿಟ್ಟು ಹನ್ನೊಂದು ವರ್ಷವಾದರೂ ಈ ಅಭ್ಯಾಸ ಬಿಟ್ಟಿಲ್ಲ. ಮಿಲ್ಲಿನ ಗೇಟಿನಲ್ಲಿ ಟೈಂಕೀಪರ್ ಕೆಲಸಕ್ಕೆ ಕಂಠ ಬೇಕಿಲ್ಲ, ನಿಜ. ಆದರೆ ವರ್ಷಕ್ಕೊಮ್ಮೆ ನಮ್ಮ ಬ್ಲಾಕಿನ ಸಂಘದ ನಾಟಕ ಇದೆಯಲ್ಲ. ನಾಲ್ಕು ವರ್ಷದಿಂದ ಸೂತ್ರಧಾರ ನಾನೇ. ಬಯಲಿನ ಕೊನೆಯ ಸಾಲಿಗೆ ಮುಟ್ಟುವ ದನಿ ಇಡೀ ರಾಜಾಜಿನಗರದಲ್ಲಿ ಇನ್ನೊಂದಿಲ್ಲ.

ಸಂಜೆ ಸಂಘದ ಕಾರ್ಯದರ್ಶಿ ಕೃಷ್ಣಯ್ಯ ಬಂದರು. ಈ ಸಲ ಹೊಸ ರಾಜ್ಯದ ಸಂಭ್ರಮ — ನಮ್ಮ ಗದಗೂ ಬೆಂಗಳೂರೂ ಒಂದೇ ಆಗುತ್ತಿವೆ — ಜನ ಹೆಚ್ಚು ಸೇರುತ್ತಾರೆ, ಮೈಕ್ ಸೆಟ್ ತರಿಸೋಣ ಎಂದರು.

"ಆಂಪ್ಲಿಫೈಯರ್ ನೀವೇ ಆರಿಸ್ಬೇಕು ಚನ್ನವೀರಪ್ಪನೋರೆ. ದನಿ ವಿಷ್ಯ ನಿಮಗಿಂತ ಯಾರಿಗೆ ಗೊತ್ತು?"

ಎದೆ ಉಬ್ಬಿತು. ಹೊರಡುವಾಗ, ಚಪ್ಪಲಿ ಮೆಟ್ಟುತ್ತ ಇನ್ನೊಂದು ಮಾತು —

"ಸೆಟ್ಟು ಚೆನ್ನಾಗಿದ್ರೆ ಸೂತ್ರಧಾರನ ಭಾಗ ರಾಮಯ್ಯನೋರ ಮಗಳು ಅಂಜನಮ್ಮನ ಕೈಲಿ ಓದಿಸೋಣ ಅಂತ. ಸ್ಕೂಲ್ ಟೀಚರ್ರು, ಏನ್ ಚೆನ್ನಾಗಿ ಓದ್ತಾಳೆ! ದನಿ ಒಂದೇ ಸಣ್ಣದು. ಹಿಂದಕ್ಕೆ ಕೇಳಿಸ್ದಿದ್ರೆ ನೀವು ಇದ್ದೇ ಇದೀರಲ್ಲ."

ಇದ್ದೇ ಇದ್ದೇನೆ. ಮೂಲೆಯಲ್ಲಿಟ್ಟ ಹಳೇ ಕೊಡೆಯಂತೆ.

೯ ಅಕ್ಟೋಬರ್

ಗೇಟಿನಲ್ಲಿ ಕೂತು ದಿನವೆಲ್ಲ ಗದಗಿನದೇ ನೆನಪು. ಕಂಪನಿಯ ಮೇಷ್ಟ್ರು ನಮ್ಮನ್ನು ಕೆರೆ ಏರಿಯ ಮೇಲೆ ನಿಲ್ಲಿಸಿ, ತಾವು ಆಚೆ ದಡದಲ್ಲಿ ಟವಲ್ ಹಿಡಿದು ಕೂರುತ್ತಿದ್ದರು. ಕೇಳಿಸದಿದ್ದರೆ ಟವಲ್ ಮೇಲೆ. ನನ್ನ ಸರದಿಯಲ್ಲಿ ಏಳುತ್ತಲೇ ಇರಲಿಲ್ಲ.

ಥಿಯೇಟರಿನಲ್ಲಿ ಗ್ಯಾಸ್‌ಲೈಟಿನ ಬುಸ್ ಸದ್ದು... ನೆಲದ ಮೇಲೆ ಕೂತು ಕಡಲೆಕಾಯಿ ಸುಲಿಯುವ ಎರಡಾಣೆ ಜನ... ಅವರ ಹಿಂದೆ, ಹೆಂಗಸರ ಕಡೆ, ಎಲ್ಲರಿಗಿಂತ ಕೊನೆಗೆ ನೀಲಗಂಗಾ. ನಮ್ಮ ಮದುವೆಯಾದ ಮೇಲೂ ಮುಂದೆ ಬಂದು ಕೂರು ಎಂದರೆ ಕೇಳುತ್ತಿರಲಿಲ್ಲ. ಅವಳು ಕೂತ ಜಾಗದ ತನಕ ದನಿ ಮುಟ್ಟಿಸುವುದೇ ನನ್ನ ಹಟ. ಎಂಥ ದಿನಗಳು. ಬರೆಯುವಾಗಲೇ ಕಣ್ಣು ತುಂಬಿತು.

೧೪ ಅಕ್ಟೋಬರ್, ವಿಜಯದಶಮಿ

ಮಾಗಡಿ ರಸ್ತೆಯ ಮೈಕ್ ಅಂಗಡಿ ಮುನಿಯಣ್ಣ ಎರಡು ಆಂಪ್ಲಿಫೈಯರ್ ತಂದ. ಹತ್ತು ವ್ಯಾಟಿನದು ಹಳೆಯದು. ಮೂವತ್ತರದು ಹೊಚ್ಚ ಹೊಸದು. ಎರಡರ ಮೇಲೂ ನಿನ್ನೆಯ ಆಯುಧಪೂಜೆಯ ಕುಂಕುಮ. ಬಾಡಿಗೆ ಒಂದೇ, ಗುರುತಿನವರೆಂದು. ಬಯಲಿನ ಆ ತುದಿಗೆ ನೀಲಗಂಗಾಳನ್ನು ಕೂರಿಸಿ ಕೈಗೆ ಟವಲ್ ಕೊಟ್ಟೆ.

ಮೊದಲು ಹತ್ತು ವ್ಯಾಟ್. ನಾನು ಮಾತಾಡಿದೆ, ಟವಲ್ ಏಳಲಿಲ್ಲ. ಮೈಕಿಲ್ಲದೆಯೂ ಏಳುತ್ತಿರಲಿಲ್ಲ, ಇರಲಿ. ಅಂಜನಮ್ಮ ಓದಿದಳು — ಎದ್ದಿತು. ಮುನಿಯಣ್ಣ ಗುಂಡಿ ತಿರುಗಿಸಿದ. ಕುಯ್ಯೋ ಎಂದು ಕೂಗಿತೇ ಹೊರತು ಹುಡುಗಿಯ ದನಿ ದಾಟಲಿಲ್ಲ.

ಆಮೇಲೆ ಮೂವತ್ತು. ನಾನು ಬಾಯಿ ತೆರೆದದ್ದೇ ತಡ, ಸ್ಪೀಕರಿನ ಹಾರ್ನಿನಲ್ಲಿ ದನಿ ಗರಗರ ಒಡೆಯಿತು. ಬೇಲಿಯ ಮೇಲಿನ ಕಾಗೆಗಳೆಲ್ಲ ಹಾರಿದವು.

"ಸಾರ್, ಕಿರುಚ್ಬೇಡಿ," ಎಂದ ಮುನಿಯಣ್ಣ. "ಮನೇಲಿ ಮಾತಾಡ್ತೀರಲ್ಲ, ಹಂಗೆ ಮಾತಾಡಿ. ಮಿಕ್ಕಿದ್ದು ಅದು ನೋಡ್ಕೊಳ್ತದೆ."

ಕಿರುಚುವುದಂತೆ! ಇಷ್ಟು ವರ್ಷದ ಸಾಧನೆಗೆ ಇವನಿಟ್ಟ ಹೆಸರು. ಆದರೂ ಪ್ರಯತ್ನಿಸಿದೆ. ದನಿ ಇಳಿಸಿದರೆ ಮಾತೇ ಮರೆಯುತ್ತದೆ. ಅಂಜನಮ್ಮ ಬಂದಳು. ನಿಧಾನವಾಗಿ ಓದಿದಳು. ಕೊನೆಯ ತನಕ ಟವಲ್ ನೀಲಗಂಗಾಳ ಮಡಿಲಲ್ಲೇ ಇತ್ತು.

೧೫ ಅಕ್ಟೋಬರ್

ಕೃಷ್ಣಯ್ಯನವರಿಗೆ ಹೇಳಿಬಿಟ್ಟೆ — ಹತ್ತು ವ್ಯಾಟೇ ಸಾಕು, ಮೂವತ್ತರಲ್ಲಿ ದನಿ ಒಡೆಯುತ್ತದೆ. ಸುಳ್ಳಲ್ಲ. ನನ್ನ ದನಿ ಒಡೆದದ್ದು ನಿಜ ತಾನೆ?

"ನೀವು ಹೇಳಿದ್ಮೇಲೆ ಆಯ್ತು ಬಿಡಿ," ಎಂದರು. ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಅದೇ ಚುಚ್ಚುತ್ತಿದೆ.

೨೧ ಅಕ್ಟೋಬರ್, ಭಾನುವಾರ

ಐದು ದಿನ ಬರೆಯಲಿಲ್ಲ. ಏನೆಂದು ಬರೆಯುವುದು.

ಮಧ್ಯಾಹ್ನ ಅಂಜನಮ್ಮ ಬಂದಿದ್ದಳು. ಕೈಯಲ್ಲಿ ನೋಟ್‌ಬುಕ್.

"ಪಾತ್ರ ನಿಮಗೇ ಅಂತ ಹೇಳಿದ್ರು ಸಾರ್. ನಾನು ದುಂಡಗೆ ಬರ್ಕೊಂಡಿದ್ದೆ. ನಿಮಗೆ ಓದೋಕೆ ಅನುಕೂಲ ಆಗತ್ತೆ, ಇಟ್ಕೊಳ್ಳಿ."

ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂದು ಕೆಂಪು ಶಾಯಿಯಲ್ಲಿ ಗುರುತು. ಎಷ್ಟು ಆಸೆಯಿಂದ ಮಾಡಿಕೊಂಡಿತ್ತೋ ಹುಡುಗಿ. ಅವಳು ಹೋದ ಮೇಲೆ ನೀಲಗಂಗಾ ಒಳಗಿನಿಂದ ಬಂದಳು.

"ಹೊಸಾ ಪೆಟ್ಟಿಗ್ಯಾಗ ಆಕಿ ಮಾತು ಕಿವ್ಯಾಗ ಹೇಳಿದಂಗ ಕೇಳತಿತ್ತಲ್ರೀ. ಮತ್ತ ಯಾಕ ಬ್ಯಾಡ ಅಂದ್ರಿ?"

ಅಂಗಿ ಹಾಕಿಕೊಂಡು ಕೃಷ್ಣಯ್ಯನವರ ಮನೆಗೆ ಹೋದೆ. ಮೂವತ್ತು ವ್ಯಾಟೇ ತರಿಸಿ, ಅಂಜನಮ್ಮನೇ ಓದಲಿ, ಅಂದು ಹೇಳಿದ್ದು ಹೊಟ್ಟೆಕಿಚ್ಚಿಗೆ — ಬಾಗಿಲಲ್ಲಿ ನಿಂತೇ ಹೇಳಿ ಮುಗಿಸಿದೆ. ಅವರು ಮುಖ ನೋಡದೆ, "ಒಳಗೆ ಬನ್ನಿ, ಕಾಫಿ ಕುಡೀರಿ," ಎಂದರು. ಕುಡಿದೆ. ಮನಸ್ಸು ಹಗುರವಾಗಲಿಲ್ಲ. ನನ್ನ ಕಾಲ ಮುಗಿಯಿತು ಎಂದು ದಾರಿಯುದ್ದಕ್ಕೂ ಅಳು ಬರುತ್ತಿತ್ತು.

೪ ನವೆಂಬರ್, ಭಾನುವಾರ

ನಾಟಕ ಆಯಿತು. ನಾಟಕದ ದಿನ ಬಣ್ಣ ಹಚ್ಚದೆ ಕೂತದ್ದು ಇದೇ ಮೊದಲು. ಎಲ್ಲರ ಹಿಂದೆ, ನೀಲಗಂಗಾಳ ಪಕ್ಕ. ಅಂಜನಮ್ಮನ ಒಂದೊಂದು ಮಾತೂ ತಿಳಿಯಾಗಿ ಬಂತು. ಉಸಿರು ಕೂಡ. ನನ್ನ ಭಾಗವೇ, ಆದರೆ ಅದರಲ್ಲಿ ಇಷ್ಟು ಅರ್ಥವಿದೆಯೆಂದು ಗೊತ್ತಿರಲಿಲ್ಲ. ಚಪ್ಪಾಳೆ ತಟ್ಟಿದೆ. ಮನಸಾರೆ.

ಬರುವ ದಾರಿಯಲ್ಲಿ ತಡೆಯಲಾರದೆ ಕೇಳಿದೆ.

"ನನ್ನ ದನೀನೂ ಹಿಂಗ ಕೇಳತಿತ್ತಿಲ್ಲೋ, ಹಿಂದಿನ ತನಕ?"

"ದನಿ ಕೇಳತಿತ್ತರಿ." ನಾಲ್ಕು ಹೆಜ್ಜೆ ನಡೆದು, "ಮಾತು ತಿಳೀತಿದ್ದಿಲ್ಲ. ಗದಗಿನ್ಯಾಗೂ ಇಲ್ಲ, ಇಲ್ಲೂ ಇಲ್ಲ."

ನಡುರಸ್ತೆಯಲ್ಲಿ ನಿಂತುಬಿಟ್ಟೆ. ಇಷ್ಟು ವರ್ಷ! ಒಂದು ಮಾತೂ ಇಲ್ಲವೆ?

"ಮತ್ತ ದಿನಾ ಯಾಕ ಬಂದು ಕುಂಡ್ರತಿದ್ದಿ?"

"ನಿಮ್ಮ ದನಿ ಕೇಳಾಕ."

ಅಷ್ಟು ಹೇಳಿ ನಡೆದಳು. ನಾನು ಹಿಂದೆ. ಮನೆಗೆ ಬಂದು ಒಲೆ ಹಚ್ಚಿದವಳು ಈಗ ಕರೆಯುತ್ತಿದ್ದಾಳೆ — ಗದಗಿನ ನಾಟಕದಾಗ ಏನಂತಿದ್ರಿ, ಇವತ್ತರೆ ಹೇಳ್ರಿ, ಕೇಳತೀನಿ. ಎದ್ದು ಹೋಗಿ ಪಕ್ಕದಲ್ಲಿ ಕೂರಬೇಕು. ಮೆಲ್ಲಗೆ ಹೇಳಬೇಕು. ಮೊದಲ ಮಾತು ಏನಿತ್ತೆಂದರೆ —